ಸಂದು ಮುಚ್ಚಿದ ಮೇಸ್ತ್ರಿ

ನಮ್ಮಪ್ಪ ಗಾರೆ ಮೇಸ್ತ್ರಿ. ನೆಂಟರ ಮನೆಗೆ ಹೋದರೂ ಕುಶಲ ಕೇಳುವ ಮೊದಲು ನೆಲ ನೋಡುವ ಆಸಾಮಿ. ಎಲ್ಲಾದರೂ ಒಂದು ಕಲ್ಲು ಕೂದಲೆಳೆಯಷ್ಟು ಎದ್ದಿದ್ದರೆ ಅವರು ಕೊಟ್ಟ ಕಾಫಿ ಅವನಿಗೆ ರುಚಿಸುತ್ತಿರಲಿಲ್ಲ. ಅವನ ಜೊತೆ ಇಪ್ಪತ್ತು ವರ್ಷ ಸಿಮೆಂಟ್ ಕಲಸಿದ ಮಗಳು ನಾನು. ಆದ್ದರಿಂದ ಈ ನಾಚಿಕೆಗೇಡಿನಲ್ಲಿ ನನ್ನ ಪಾಲೂ ಇದೆ.

ನಮ್ಮ ಓಣಿಯ ಬಾವಿ ತಳ ಕಂಡಿತ್ತು. ಬಿದ್ದ ಮಳೆಯೆಲ್ಲ ಚರಂಡಿ ಸೇರುತ್ತಿದೆ, ಅದನ್ನು ಓಣಿಯ ನೆಲದಲ್ಲೇ ಇಂಗಿಸೋಣ ಎಂದು ಎಂಜಿನಿಯರ್ ಹುಡುಗಿಯೊಬ್ಬಳು ಬಂದಳು. ಕೆಳಗೆ ಜಲ್ಲಿ, ಮೇಲೆ ಇಟ್ಟಿಗೆ, ಇಟ್ಟಿಗೆಗಳ ನಡುವೆ ನೀರಿಳಿಯಲು ಬೆರಳಗಲದ ಸಂದು, ಸಂದಿನಲ್ಲಿ ಬರೀ ಜಲ್ಲಿಪುಡಿ. ಅಂಚಿನ ತಗ್ಗಿನಲ್ಲಿ ಗಿಡಗಳು. ಇಲ್ಲಿ ಬಾವಿಯ ನೀರು ಏರಿದರೆ ಉಳಿದ ಮೂರು ಓಣಿಗಳಿಗೂ ಇದೇ ಕೆಲಸ ಮಂಜೂರಾಗುವುದಿತ್ತು.

ಅಪ್ಪ ಅಚ್ಚುಕಟ್ಟಾಗಿ ಹಾಸಿದ. ಆದರೆ ಆ ಸಂದುಗಳು ಅವನ ಕಣ್ಣು ಚುಚ್ಚುತ್ತಿದ್ದವು. ಹಾದುಹೋಗುತ್ತಿದ್ದ ದರ್ಜಿ, "ಏನ್ ಮೇಸ್ತ್ರಿ, ಸಿಮೆಂಟ್ ಮನೆಗೆ ಸಾಗಿಸಿದ್ರಾ?" ಎಂದು ನಕ್ಕ. ಅಷ್ಟೇ ಸಾಕಾಯಿತು. ಹುಡುಗಿ ಬಾರದ ಭಾನುವಾರ ಅಪ್ಪ ಅಷ್ಟೂ ಸಂದುಗಳಿಗೆ ಸಿಮೆಂಟ್ ತುಂಬಿ, ಅದು ಆರುವ ಮೊದಲೇ ಮೇಲೆ ತೆಳ್ಳಗೆ ಜಲ್ಲಿಪುಡಿ ಉದುರಿಸಿ ಒತ್ತಿದ. ನಾನು ಬೇಡ ಎನ್ನಬಹುದಿತ್ತು. ಸಿಮೆಂಟಿನ ಬಾಣಲೆ ತುಂಬಿಸಿ ತುಂಬಿಸಿ ಕೊಟ್ಟೆ.

ಮೊದಲ ದೊಡ್ಡ ಮಳೆಗೆ ನೀರು ಗಿಡಗಳನ್ನು ಕೊಚ್ಚಿಕೊಂಡು ನೇರ ದರ್ಜಿಯ ಮನೆಗೆ ನುಗ್ಗಿತು. ಬಾವಿಯಲ್ಲಿ ಒಂದು ಗೇಣೂ ಏರಲಿಲ್ಲ. ಮರುದಿನ ಓಣಿಯವರೆಲ್ಲ ಸೇರಿ ಆ ಹುಡುಗಿಯನ್ನು ಹಿಗ್ಗಾಮುಗ್ಗಾ ಬೈದರು. ಉಳಿದ ಓಣಿಗಳವರು ನಮಗಿದು ಬೇಡವೇ ಬೇಡ ಅಂದರು. ಅಪ್ಪ ಎದ್ದು ನಿಂತ.

"ಮೇಸ್ತ್ರಿ ಕೆಲಸದಲ್ಲಿ ತಪ್ಪಿಲ್ಲ," ಅಂದಳು ಅವಳು. "ಇಷ್ಟು ನೀಟಾಗಿ ಮಾಡೋರನ್ನ ನಾನು ನೋಡೇ ಇಲ್ಲ. ನನ್ನ ಲೆಕ್ಕಾನೇ ತಪ್ಪಿರ್ಬೇಕು."

ಅಪ್ಪ ಮತ್ತೆ ಕೂತುಕೊಂಡ. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸುತ್ತಿತ್ತು, ಆದರೂ ಬಾಯಿ ತೆರೆಯಲಿಲ್ಲ.

ಮಾರನೆಯ ಬೆಳಗ್ಗೆ ನೋಡಿದರೆ ಅಪ್ಪ ಓಣಿಯ ನಡುವೆ ಮಂಡಿಯೂರಿ, ಉಳಿ ಹಿಡಿದು ಸಂದು ಕೆತ್ತುತ್ತಿದ್ದ. ಸುತ್ತ ಜನ ನಿಂತಿದ್ದರು. ನಾನೂ ಒಂದು ಉಳಿ ತಂದು ಪಕ್ಕದಲ್ಲಿ ಕೂತೆ. ಸಾಮಾನು ಕಟ್ಟಿಕೊಂಡು ಹೋಗಲು ಬಂದಿದ್ದ ಹುಡುಗಿ ಸಿಮೆಂಟಿನ ಚೂರೊಂದನ್ನು ಎತ್ತಿಕೊಂಡು ಬಹಳ ಹೊತ್ತು ನೋಡಿದಳು.

"ನಿನ್ನೆ ಅಷ್ಟು ಜನರ ಮುಂದೆ ಯಾಕೆ ಹೇಳ್ಲಿಲ್ಲ?"

ಅಪ್ಪ ತಲೆ ಎತ್ತಲಿಲ್ಲ. "ಹೇಳೋಕೆ ಅಂತಾನೇ ಎದ್ದಿದ್ದೆ ಕಣಮ್ಮ. ಅಷ್ಟರಲ್ಲಿ ನೀನು ನನ್ನ ಕೆಲಸ ಹೊಗಳಿಬಿಟ್ಟೆ. ಕೇಳೋಕೆ ಚೆನ್ನಾಗಿತ್ತು."