ಖಾಲಿ ಹೊಟ್ಟೆಯ ಕೌದಿ

ಇವತ್ತು ಹಳೆಯ ಇಳಕಲ್ ಸೀರೆಯನ್ನು ಹರಿಯುವಾಗ ಬಂದ ವಾಸನೆ ನನ್ನನ್ನು ಮಸಗುಪ್ಪಿಯ ಅಜ್ಜಿ ಮನೆಯ ಪಡಸಾಲೆಗೆ ಎಳೆದೊಯ್ಯಿತು. ಆಗ ನಾನು ಶಾಲೆ ಬಿಟ್ಟ, ಒಂದು ಕಡೆ ಕೂರದ ಹುಡುಗಿ. ಗೋಕಾಕದ ಅನಾಥ ಮಕ್ಕಳಿಗೆ ಕೊಡಲೆಂದು ಅಜ್ಜಿ ಮತ್ತು ಪಕ್ಕದ ಮನೆಯ ಗಂಗವ್ವ ಹಳೆಯ ಸೀರೆಗಳನ್ನು ಸೇರಿಸಿ ಕೌದಿ ಹೊಲಿದಿದ್ದರು. ಕೊನೆಯ ಮೂಲೆಯೊಳಗೆ ಹೋಳಿಗೆಯ ಚೂರಿಟ್ಟು ಹೊಲಿಯುವುದು ನಮ್ಮಲ್ಲಿ ಪದ್ಧತಿ. ಕೌದಿಯ ಹೊಟ್ಟೆ ತುಂಬಿದ್ದರೆ ಹೊದ್ದವರೂ ಹಸಿಯುವುದಿಲ್ಲವಂತೆ. ಆ ಮೂಲೆಯನ್ನು ಅಜ್ಜಿ ನನಗೆ ಬಿಟ್ಟಳು. ಬೆಳಗಿನಿಂದ ಹಸಿದಿದ್ದ ನಾನು ಚೂರನ್ನು ತಿಂದು, ಖಾಲಿ ಮೂಲೆಯನ್ನೇ ಹೊಲಿದುಬಿಟ್ಟೆ.

ಕೌದಿಯನ್ನು ಎತ್ತಿನ ಚಕ್ಕಡಿಗೆ ಹೇರುವಾಗ ಆ ಮಕ್ಕಳು ನೆನಪಾದರು. ತಡೆಯಲಾಗದೆ ಅಜ್ಜಿಗೆ ಹೇಳಿಬಿಟ್ಟೆ.

"ಆಯಿ, ಮೂಲ್ಯಾಗ ಏನೂ ಇಲ್ಲ. ಹೋಳಗಿ ನಾ ತಿಂದೇನಿ."

"ಸಾಲಿ ಅಂತೂ ಬಿಟ್ಟಿ, ಸುಳ್ಳ ಹೇಳೂದರ ಕಲೀಬಾರ್ದೇನ?" ಎಂದು ಗಂಗವ್ವ ನಕ್ಕಳು.

ಅಜ್ಜಿ ಚಕ್ಕಡಿ ಹೊರಡದಂತೆ ತಡೆದು ಮೂಲೆ ಬಿಚ್ಚಿದಳು. ಮನೆಯೊಳಗಿನಿಂದ ಇಡೀ ಹೋಳಿಗೆಯೊಂದನ್ನು ತಂದು ನನ್ನ ಕೈಗಿಟ್ಟಳು.

"ಹೊಲಿಯಾಕೀನ ಹಸದ್ರ ಕೌದಿ ಹೊಟ್ಟಿ ಹ್ಯಾಂಗ ತುಂಬತೈತಿ? ನಾನರ ನೋಡಬೇಕಿತ್ತ. ತಿನ್ನ, ಒಂದ ಚೂರ ಉಳಸ."

ಉಳಿಸಿದೆ. ಅದನ್ನಿಟ್ಟು ನಾನೇ ಮತ್ತೆ ಹೊಲಿದೆ.

ಈಗ ಆಸ್ಪತ್ರೆಯ ಕೂಸುಗಳಿಗೆಂದು ಕೌದಿ ಹೊಲಿಯುತ್ತೇವೆ. ನನ್ನ ಬಳಿ ಹೊಲಿಗೆ ಕಲಿಯಲು ಬರುವ ಹುಡುಗಿಯರನ್ನು, ಸೂಜಿ ಕೊಡುವ ಮೊದಲು, ಊಟಕ್ಕೆ ಕೂರಿಸುತ್ತೇನೆ.