ಚೌಡಾಪುರದ ಪಂಪ್ ಮಿಸ್ತ್ರಿ

ಚೌಡಾಪುರದ ಪಂಪ್ ಮಿಸ್ತ್ರಿಗೆ ಗಡ್ಡವಿತ್ತೆಂದು ಬರೆದು, ಹೊಡೆದುಹಾಕಿದೆ. ಅದು ನೆನಪು ಸೇರಿಸಿದ್ದಿರಬಹುದು. ಟ್ಯಾಂಕಿಗೆ ಕಿವಿ ಹಚ್ಚಿ ಕೂತದ್ದು ಮಾತ್ರ ಖಂಡಿತ.

ನಮ್ಮ ತೊಗರಿಗೆ ಹುಳ ಬಿದ್ದಿತ್ತು, ಅಂದೇ ಔಷಧಿ ಹೊಡೆಯಬೇಕಿತ್ತು. ಬೆನ್ನಿಗೆ ಹೊರುವ ಪಂಪಿನ ಎಂಜಿನ್ ಐದು ನಿಮಿಷ ಓಡಿ ನಿಂತುಬಿಡುತ್ತಿತ್ತು. ಅದನ್ನು ಮಿಸ್ತ್ರಿಯ ಬಳಿ ಒಯ್ದೆ.

“ಕಾರ್ಬೊರೇಟರ್‌ನಾಗ ಕಸ ಕೂತಿರಬೇಕು, ಬಿಚ್ರಿ,” ಎಂದೆ.

“ಸಬರ್ ಮಾಡ್ರಿ ಸರ, ಜರಾ ತಡೀರಿ. ಅದು ಏನಂತದ ಕೇಳೂಣು,” ಎಂದ ಮಿಸ್ತ್ರಿ ಎಂಜಿನ್ ಚಾಲೂ ಮಾಡಿ ಟ್ಯಾಂಕಿಗೆ ಕಿವಿ ಹಚ್ಚಿದರು.

ಎಂಜಿನ್ ನಿಂತೊಡನೆ ಪೆಟ್ರೋಲ್ ಟ್ಯಾಂಕಿನ ಮುಚ್ಚಳ ಸಡಿಲಿಸಿದರು. ಗಾಳಿ ಸುಯ್ಯೆಂದು ಒಳನುಗ್ಗಿತು. ಹಗ್ಗ ಒಮ್ಮೆ ಎಳೆದರು, ಎಂಜಿನ್ ಓಡಿತು. ಪೆಟ್ರೋಲ್ ಸೋರದಿರಲೆಂದು ನಾನೇ ಮುಚ್ಚಳದೊಳಗೆ ಇಟ್ಟಿದ್ದ ಹಾಲಿನ ಪಾಕೀಟಿನ ತುಂಡನ್ನು ತೆಗೆದು ತೋರಿಸಿದರು.

“ಮುಚ್ಚಳದ ತೂತಿನಾಗಿಂದ ಗಾಳಿ ಒಳಗ ಹೋಗದಿದ್ರ ಪೆಟ್ರೋಲ್ ಕೆಳಗ ಹ್ಯಾಂಗ ಇಳೀತದ್ರಿ? ಅದರ ಮೂಗೇ ಮುಚ್ಚೀರಲ್ಲ!”

ಸಂಜೆಯೊಳಗೆ ಇಡೀ ಹೊಲಕ್ಕೆ ಔಷಧಿ ಬಿತ್ತು. ಗಾಳಿಯ ಒತ್ತಡದ ಬಗ್ಗೆ ಪದವಿ ಪರೀಕ್ಷೆಯಲ್ಲಿ ಎರಡು ಪುಟ ಬರೆದವನು ನಾನು. ಅದರ ಸದ್ದನ್ನು ಅಂದೇ ಮೊದಲು ಕೇಳಿದೆ.