ಪೇಪರಿನಲ್ಲಿ ಇಲ್ಲದ ಸುದ್ದಿ

೧೯೭೬ರಲ್ಲಿ ವಾಡಿಯ ಹಾಜಿಮಲಂಗನಿಗೆ ಮೂವತ್ತಾರು ವರ್ಷ. ರೈಲ್ವೆ ಶೆಡ್ಡಿನಲ್ಲಿ ಫಿಟರ್. ಊರ ಫುಟ್‌ಬಾಲ್ ತಂಡದಲ್ಲಿ ಗೋಲ್‌ಕೀಪರ್. ಪಾಳಿ ಮುಗಿಸಿ ಸ್ಟೇಷನ್ನಿನ ಎದುರಿಗಿದ್ದ ಅಂಬರಾಯನ ಚಹಾದಂಗಡಿಗೆ ಬಂದು ಅವನು ಗಟ್ಟಿಯಾಗಿ ಪೇಪರ್ ಓದುತ್ತಿದ್ದ. ಓದು ಬಾರದ ಹಮಾಲರು, ಕಲ್ಲುಗಣಿಯವರು ಸುತ್ತ ಕುಳಿತು ಕೇಳುತ್ತಿದ್ದರು.

ತುರ್ತು ಪರಿಸ್ಥಿತಿಯ ಆ ವರ್ಷ ಪೇಪರಿನಲ್ಲಿ ಓದುವಂಥದ್ದು ಕಡಿಮೆಯಿತ್ತು. ರೈಲುಗಳು ಹೊತ್ತಿಗೆ ಸರಿಯಾಗಿ ಓಡುತ್ತಿವೆ ಎಂದು ದಿನವೂ ಬರೆಯುತ್ತಿದ್ದರು. ವಾಡಿಯವರಿಗೆ ಅದನ್ನು ಪೇಪರ್ ಹೇಳಬೇಕಾಗಿರಲಿಲ್ಲ. ಬೇಸರ ಕಳೆಯಲು ಹಾಜಿಮಲಂಗ್ ನಡುನಡುವೆ ತನ್ನದೊಂದು ಸುದ್ದಿ ಸೇರಿಸುತ್ತಿದ್ದ. ಕಲಕತ್ತೆಯ ಪಂದ್ಯದಲ್ಲಿ ಹದ್ದೊಂದು ಚೆಂಡನ್ನೇ ಎತ್ತಿಕೊಂಡು ಹೋಯಿತು ಎಂದು ಒಮ್ಮೆ ಓದಿದ್ದ, ಮುಖದಲ್ಲಿ ನಗೆಯ ಸುಳಿವೂ ಇಲ್ಲದೆ. ಸುಳ್ಳೆಂದು ತಿಳಿದ ಮೇಲೆ ಜನ ನಕ್ಕು ಸುಮ್ಮನಾಗುತ್ತಿದ್ದರು.

ಮೇ ತಿಂಗಳ ಒಂದು ಗುರುವಾರ ಅವನು ಓದಿದ್ದು ಬೇರೆ ತರಹದ್ದು. ಶಹಾಬಾದದವರ ಜೊತೆಗಿನ ಭಾನುವಾರದ ಪಂದ್ಯ ನೋಡಲು ಮಂತ್ರಿಯೊಬ್ಬರು ಬರುತ್ತಾರೆ, ವಾಡಿಯ ಮೈದಾನವನ್ನು ದೊಡ್ಡದು ಮಾಡಿಸುತ್ತಾರೆ ಎಂದು. ಅಂಬರಾಯ ಒಮ್ಮೆ ತಲೆಯೆತ್ತಿ ನೋಡಿದ. ಯಾರೂ ನಗಲಿಲ್ಲ. ಅಂಗಡಿಯ ಬಾಗಿಲಲ್ಲಿ ಶೇಂಗಾ ಮಾರುತ್ತಿದ್ದ ಭಾಗಮ್ಮನೂ ಅದನ್ನು ಕೇಳಿಸಿಕೊಂಡಳು. ಗಂಡ ತೀರಿಕೊಂಡ ಮೇಲೆ ಅವಳೊಬ್ಬಳೇ ಇದ್ದಳು. ಮೈದಾನದ ಗೋಲಿನ ಹಿಂದೆ ಫರಸಿ ಕಲ್ಲಿನ ಚಪ್ಪಡಿಗಳನ್ನು ಗೋಡೆಯಂತೆ ನಿಲ್ಲಿಸಿ, ಮೇಲೆ ತಗಡು ಹೊದಿಸಿದ್ದೇ ಅವಳ ಮನೆ.

ಮರುದಿನ ಸಂಜೆ ಆಡುವಾಗ ಹಾಜಿಮಲಂಗನ ಕೈತಪ್ಪಿದ ಚೆಂಡು ಹಿಂದಕ್ಕೆ ಉರುಳಿತು. ಎಂದಿನಂತೆ ಭಾಗಮ್ಮನ ಗೋಡೆಗೆ ಬಡಿಯಲಿಲ್ಲ. ಅವನು ತಿರುಗಿ ನೋಡಿದ. ತಗಡು ಇರಲಿಲ್ಲ. ಕಲ್ಲುಗಳು ನೆಲಕ್ಕೆ ಬಿದ್ದಿದ್ದವು. ದಿಲ್ಲಿಯಲ್ಲಿ ಸರಕಾರ ಗುಡಿಸಲು ಕೆಡವಿದ ಸುದ್ದಿ ಪೇಪರಿಗೆ ಬಂದಿರಲಿಲ್ಲ. ರೈಲಿನ ಜನರ ಬಾಯಲ್ಲಿ ವಾಡಿಗೆ ಬಂದಿತ್ತು. ಮಂತ್ರಿಯ ಜನ ಬಂದು ಕೆಡವುವ ಮೊದಲೇ ತಗಡನ್ನಾದರೂ ಉಳಿಸಿಕೊಳ್ಳುತ್ತೇನೆ ಎಂದು ಭಾಗಮ್ಮ ಅದನ್ನು ಬಂಡಿಗೆ ಹೇರಿಕೊಂಡು ರಾವೂರಿನ ತಂಗಿಯ ಮನೆಗೆ ಹೋಗಿದ್ದಳು ಎಂದು ಪಕ್ಕದವರು ಹೇಳಿದರು.

ಹಾಜಿಮಲಂಗ್ ಬೂಟನ್ನೂ ಬಿಚ್ಚದೆ ಸೈಕಲ್ ಹತ್ತಿ ರಾವೂರಿಗೆ ಹೋದ. ಭಾಗಮ್ಮ ತಂಗಿಯ ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದಳು.

"ಅವ್ವಾ, ಮಂತ್ರಿ ಬರಂಗಿಲ್ಲ," ಎಂದ. "ಅದು ನಾ ಮನಸಿಗಿ ಬಂದಂಗ ಓದೀದ್ದು."

"ಪೇಪರಿನ್ಯಾಗ ಇರಲಿಲ್ಲೇನು?"

"ಇರಲಿಲ್ಲ."

ಅವಳು ಮೊರವನ್ನು ಕೆಳಗಿಟ್ಟಳು. "ನನಗ ಓದಾಕ ಬರಂಗಿಲ್ಲ ತಮ್ಮಾ. ನೀ ಓದೀದ್ದೇ ನನಗ ಪೇಪರ್."

ಹಾಜಿಮಲಂಗ್ ಸೈಕಲ್ಲನ್ನು ಗೋಡೆಗೆ ಒರಗಿಸಿದ. ಕತ್ತಲಾಗುವ ತನಕ ಅಲ್ಲೇ ಕುಳಿತಿದ್ದ. ಭಾಗಮ್ಮ ಬೈಯಲಿಲ್ಲ, ಅದೇ ತನಗೆ ಭಾರವಾಯಿತು ಎಂದು ಆಮೇಲೆ ಅಂಬರಾಯನ ಮುಂದೆ ಹೇಳಿಕೊಂಡ.

ಶನಿವಾರ ಅವನೂ ತಂಡದ ನಾಲ್ವರೂ ಬಂಡಿಯಲ್ಲಿ ತಗಡು ತಂದು ಮನೆಯನ್ನು ಮತ್ತೆ ನಿಲ್ಲಿಸಿದರು. ಒಂದು ಫರಸಿ ಒಡೆದಿತ್ತು. ಗಣಿಯಿಂದ ಹೊಸದು ತಂದರು. ಭಾನುವಾರ ಬೆಳಗ್ಗೆ ಭಾಗಮ್ಮ ವಾಪಸು ಬಂದು ಬಾಗಿಲ ದಿಕ್ಕು ತಪ್ಪಾಗಿದೆ ಎಂದಳು. ಅವರು ಕಲ್ಲು ಕಿತ್ತು ಸರಿಮಾಡಿದರು. ಸಂಜೆಯ ಪಂದ್ಯದಲ್ಲಿ ಶಹಾಬಾದದವರು ಮೂರು ಗೋಲು ಹೊಡೆದು ಗೆದ್ದರು. ಸೋಮವಾರ ಹಾಜಿಮಲಂಗ್ ಅಂಗಡಿಯಲ್ಲಿ ಎಲ್ಲರ ಮುಂದೆ ತನ್ನ ತಪ್ಪು ಒಪ್ಪಿಕೊಂಡ. ಮತ್ತೆಂದೂ ಒಂದಕ್ಷರ ಸೇರಿಸಿ ಓದಲಿಲ್ಲ.

ಮರುವರ್ಷದ ಮಾರ್ಚಿನಲ್ಲಿ ಪ್ರಧಾನಮಂತ್ರಿಗಳು ತಮ್ಮ ಕ್ಷೇತ್ರದಲ್ಲೇ ಸೋತ ಸುದ್ದಿ ಬಂತು. ಹಾಜಿಮಲಂಗ್ ಇದ್ದದ್ದನ್ನು ಇದ್ದಂತೆಯೇ ಓದಿದ. ಯಾರೂ ನಂಬಲಿಲ್ಲ. ಈ ಕಡೆಯೆಲ್ಲ ಅವರ ಪಕ್ಷವೇ ಗೆದ್ದಿತ್ತು. ಅಂಬರಾಯ ಅವನ ಕೈಯಿಂದ ಪೇಪರ್ ತೆಗೆದುಕೊಂಡು ಬುಕಿಂಗ್ ಕ್ಲಾರ್ಕ್ ಪಾಂಡುರಂಗರಾಯರಿಗೆ ಕೊಟ್ಟು, "ನೀವೊಮ್ಮಿ ಓದ್ರಿ," ಎಂದ. ರಾಯರು ಓದಿದ ಮೇಲೆ ಜನ ನಂಬಿದರು. ಹಾಜಿಮಲಂಗನಿಗೆ ಸಿಟ್ಟು ಬರಲಿಲ್ಲ. ಚಹಾ ಕುಡಿಯುತ್ತ ರಾಯರ ಓದು ಕೇಳಿದ.

ಅಲ್ಲಿಂದ ಮುಂದೆ ಮೊದಲ ಪುಟ ರಾಯರದು, ಆಟದ ಪುಟ ಅವನದು ಎಂದಾಯಿತು. ೧೯೮೩ರಲ್ಲಿ ಅವನಿಗೆ ಸೊಲ್ಲಾಪುರಕ್ಕೆ ವರ್ಗವಾಗುವ ತನಕ ಹಾಗೆಯೇ ನಡೆಯಿತು. ರಾಯರು ರಜೆಯ ಮೇಲಿದ್ದ ದಿನ ಅಂಬರಾಯ ಆಟದ ಪುಟವನ್ನಷ್ಟೇ ಹಾಜಿಮಲಂಗನ ಕೈಗೆ ಕೊಟ್ಟು, ಮೊದಲ ಪುಟವನ್ನು ಮಡಚಿ ತೆಗೆದಿಡುತ್ತಿದ್ದ.